ಮಂಡಿ ನೋವಿಗೆ ಸೂಜಿ, ಎಣ್ಣೆ, ಅರಿಶಿನ: ಯಾವುದರಿಂದ ಎಷ್ಟು ಆರಾಮ?

ನಮ್ಮ ದೊಡ್ಡಮ್ಮನಿಗೆ ಈಗ 68 ವರ್ಷ. ಮೆಟ್ಟಿಲು ಹೇಗೋ ಹತ್ತಿಬಿಡುತ್ತಾರೆ, ಇಳಿಯುವಾಗಲೇ ತೊಂದರೆ. ಒಂದು ಕೈಯಲ್ಲಿ ಗೋಡೆ ಹಿಡಿದು, ಮೈ ಅಡ್ಡ ತಿರುಗಿಸಿ, ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲು ಊರಿಕೊಂಡು ಇಳಿಯುತ್ತಾರೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ "ಮಂಡಿ ಸವೆದಿದೆ, ಗ್ಯಾಪ್ ಕಡಿಮೆ ಆಗಿದೆ" ಎಂದಿದ್ದಾರೆ. ಆಪರೇಷನ್ ಈಗಲೇ ಬೇಡ ಎಂದೂ ಹೇಳಿದ್ದಾರೆ. ಅಷ್ಟರಲ್ಲಿ ಅವರ ಬೀದಿಯಲ್ಲೇ ಒಂದು ಅಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಕ್ಲಿನಿಕ್ಕಿನ ಬೋರ್ಡು ಬಂತು. ವಾಕಿಂಗ್ ಗೆಳತಿಯೊಬ್ಬರು ಮಂಡಿಯ ಮೇಲೆ ಬಿಸಿ ತೈಲ ನಿಲ್ಲಿಸುವ ಜಾನುಬಸ್ತಿ ಮಾಡಿಸಿಕೊಳ್ಳಿ ಅಂದರು. ವಾಟ್ಸಾಪಿನಲ್ಲಿ ಅರಿಶಿನದ ವಿಡಿಯೋ ಬಂತು. "ಸೂಜಿ ಹಾಕಿಸ್ಕೊಂಡ್ರೆ ಆಪರೇಷನ್ನೇ ಬೇಡ್ವಂತೆ, ನಿಜಾನಾ?" ಎಂದು ದೊಡ್ಡಮ್ಮ ಫೋನ್ ಮಾಡಿ ಕೇಳಿದರು.

ಒಂದೇ ಮಾತಿನ ಉತ್ತರ ಬೇಕೆಂದರೆ ಇದು: ಸೂಜಿ ಕೆಲವರ ನೋವನ್ನು ಕೆಲವು ಕಾಲ ತಗ್ಗಿಸಬಹುದು. ಸವೆದದ್ದನ್ನು ಮತ್ತೆ ಕಟ್ಟಿಕೊಡುವುದಿಲ್ಲ. ಆದರೆ ಈ ಒಂದು ಮಾತಿಗೆ ಅವರಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಹಾಗಾಗಿ ಸ್ವಲ್ಪ ಬುಡದಿಂದಲೇ ನೋಡೋಣ.

## ಮೊದಲು, ಇದು ಯಾವ ಸಂಧಿವಾತ?

ಕೀಲು ನೋವಿಗೆಲ್ಲ ನಾವು "ವಾತ" ಅಂದುಬಿಡುತ್ತೇವೆ. ಇಂಗ್ಲಿಷಿನ ಆರ್ಥ್ರೈಟಿಸ್ ಎಂಬ ಪದವೂ ಹಾಗೆಯೇ. ಅದರ ಅರ್ಥ ಕೀಲಿನ ಉರಿಯೂತ, ಅಷ್ಟೇ. ಆ ಒಂದು ಹೆಸರಿನ ಕೆಳಗೆ ನೂರಕ್ಕೂ ಜಾಸ್ತಿ ಬಗೆಯ ಕಾಯಿಲೆಗಳಿವೆ. ಮನೆಮನೆಯಲ್ಲೂ ಕಾಣುವಂಥವು ಮೂರು.

ಮೊದಲನೆಯದು ಆಸ್ಟಿಯೋ ಆರ್ಥ್ರೈಟಿಸ್, ಅಂದರೆ ಸವಕಲಿನ ನೋವು. ವಯಸ್ಸಾದವರಲ್ಲಿ, ತೂಕ ಜಾಸ್ತಿ ಇರುವವರಲ್ಲಿ, ಹಿಂದೆ ಮಂಡಿಗೆ ಪೆಟ್ಟು ಬಿದ್ದವರಲ್ಲಿ ಇದು ಹೆಚ್ಚು. ಬೆಳಗ್ಗೆ ಎದ್ದಾಗ ಮಂಡಿ ಹಿಡಿದುಕೊಂಡಂತೆ ಇರುತ್ತದೆ, ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಕೆಲಸ ಮಾಡಿದಷ್ಟೂ ನೋವು ಏರುತ್ತದೆ. ಕೂತರೆ ಇಳಿಯುತ್ತದೆ.

ಎರಡನೆಯದು ರುಮಟಾಯ್ಡ್ ಆರ್ಥ್ರೈಟಿಸ್. ಇಲ್ಲಿ ಸವೆತ ಮೂಲವಲ್ಲ. ರೋಗಾಣುಗಳ ಜೊತೆ ಹೋರಾಡಬೇಕಾದ ನಮ್ಮದೇ ರಕ್ಷಣಾ ಪಡೆ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುತ್ತದೆ. ಎರಡೂ ಕೈಯ ಬೆರಳುಗಳು, ಮಣಿಕಟ್ಟುಗಳು ಒಟ್ಟಿಗೆ ಊದಿಕೊಳ್ಳುತ್ತವೆ. ಬೆಳಗಿನ ಬಿಗಿತ ಒಂದು ಗಂಟೆ ದಾಟಿದರೂ ಬಿಡುವುದಿಲ್ಲ. ಮೂವತ್ತರ ಹೆಂಗಸರಿಗೂ ಬರಬಹುದು.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಅದರ ಹರಳುಗಳು ಕೀಲಿನೊಳಗೆ ಕೂರುತ್ತವೆ. ಬಹಳ ಸಲ ಕಾಲಿನ ಹೆಬ್ಬೆರಳಿನಲ್ಲಿ, ರಾತ್ರೋರಾತ್ರಿ ಶುರುವಾಗುತ್ತದೆ. ಹೊದಿಕೆ ತಾಗಿದರೂ ಪ್ರಾಣ ಹೋದಂತೆ ಆಗುತ್ತದೆ.

ಇವುಗಳ ಜೊತೆಗೆ ಚಿಕುನ್‌ಗುನ್ಯಾ ಬಿಟ್ಟುಹೋಗುವ ಕೀಲು ನೋವೂ ಇದೆ. 2006ರಲ್ಲಿ ಕರ್ನಾಟಕದಲ್ಲಿ ಅದು ಹಬ್ಬಿದಾಗ ಜ್ವರ ವಾರದಲ್ಲಿ ಹೋಯಿತು. ನೋವು ಮಾತ್ರ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಉಳಿಯಿತು.

ಆಯುರ್ವೇದವೂ ಈ ನೋವುಗಳನ್ನು ಒಂದೇ ಗಂಟಿಗೆ ಕಟ್ಟುವುದಿಲ್ಲ. ಸವಕಲಿನ ನೋವನ್ನು ಹೋಲುವುದಕ್ಕೆ ಸಂಧಿಗತವಾತ, ರುಮಟಾಯ್ಡನ್ನು ಹೋಲುವುದಕ್ಕೆ ಆಮವಾತ, ಗೌಟನ್ನು ಹೋಲುವುದಕ್ಕೆ ವಾತರಕ್ತ ಎಂದು ಬೇರೆ ಬೇರೆ ಹೆಸರಿದೆ, ಬೇರೆ ಬೇರೆ ಚಿಕಿತ್ಸೆ ಇದೆ. ಕೀಲು ಊದಿ ಕೆಂಡದಂತಿರುವ ಆಮವಾತಕ್ಕೆ ಎಣ್ಣೆ ತಿಕ್ಕಬೇಡಿ, ಬಿಸಿ ಮರಳಿನ ಗಂಟಿನ ಒಣ ಶಾಖ ಕೊಡಿ ಎನ್ನುತ್ತಾರೆ ವೈದ್ಯರು. ಅಂದರೆ ಒಬ್ಬರಿಗೆ ಹಿಡಿಸಿದ ಎಣ್ಣೆ ಇನ್ನೊಬ್ಬರಿಗೆ ಹಿಡಿಸಲೇಬೇಕೆಂದಿಲ್ಲ. ಪಕ್ಕದ ಮನೆಯವರ ಮದ್ದನ್ನು ಎರವಲು ತರುವ ಮೊದಲು ಇದನ್ನು ನೆನೆಯಬೇಕು.

ರುಮಟಾಯ್ಡ್ ಇರುವವರು ಇಲ್ಲಿ ಎರಡು ಸಾಲು ಗಮನವಿಟ್ಟು ಓದಬೇಕು. ಆ ಕಾಯಿಲೆಯಲ್ಲಿ ಮೊದಲ ಒಂದೆರಡು ವರ್ಷದಲ್ಲೇ ಮೂಳೆಗೆ ಹಾನಿ ಆಗಿಬಿಡಬಹುದು, ಆದ ಹಾನಿ ವಾಪಸ್ ಬರುವುದಿಲ್ಲ. ಅದನ್ನು ತಡೆಯಲು ಮೆಥೋಟ್ರೆಕ್ಸೇಟ್‌ನಂಥ ಔಷಧಿಗಳಿವೆ. ಸೂಜಿ, ಎಣ್ಣೆ, ಯೋಗ ಎಲ್ಲವೂ ಅದರ ಜೊತೆಗೆ ಇರಬಹುದು, ಅದರ ಬದಲಿಗೆ ಖಂಡಿತ ಅಲ್ಲ. ಇನ್ನು ಮುಂದೆ ಹೇಳುವುದು ಮುಖ್ಯವಾಗಿ ಮಂಡಿಯ ಸವಕಲಿನ ಬಗ್ಗೆ.

## ಮಂಡಿಯೊಳಗೆ ಏನಾಗುತ್ತದೆ?

ತೊಡೆಯ ಮೂಳೆ, ಕೆಳಗಾಲಿನ ಮೂಳೆ ಸೇರುವ ಜಾಗ ಮಂಡಿ. ಎರಡೂ ಮೂಳೆಗಳ ತುದಿಗೆ ಒಂದು ನುಣುಪಾದ ಹೊದಿಕೆ ಇದೆ. ಅದಕ್ಕೆ ಮೃದ್ವಸ್ಥಿ ಅನ್ನುತ್ತಾರೆ. ನಿಮ್ಮ ಕಿವಿಯ ಮೇಲ್ಭಾಗ ಮಡಚಿ ನೋಡಿ, ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಮಂಡಿಯದೂ ಅದೇ ಕುಲದ್ದು, ಆದರೆ ಬಲಿತ ಎಳನೀರಿನ ಗಂಜಿಯ ಹಾಗೆ ಬೆಳ್ಳಗೆ, ಜಾರುವಷ್ಟು ನುಣ್ಣಗೆ ಇರುತ್ತದೆ. ಸುತ್ತ ಲೋಳೆಯಂಥ ದ್ರವ ತುಂಬಿರುತ್ತದೆ.

ಈ ಹೊದಿಕೆಗೆ ರಕ್ತನಾಳ ಇಲ್ಲ. ಹಾಗಾದರೆ ಊಟ ಎಲ್ಲಿಂದ? ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿಕೊಳ್ಳಿ. ಅದುಮಿದಾಗ ನೀರು ಹೊರಗೆ ಬರುತ್ತದೆ, ಬಿಟ್ಟಾಗ ಹೀರಿಕೊಳ್ಳುತ್ತದೆ. ನಾವು ನಡೆದಾಗ ಮೃದ್ವಸ್ಥಿಯೂ ಹೀಗೆ ಒತ್ತಿ, ಬಿಟ್ಟು, ಸುತ್ತಲಿನ ದ್ರವದಿಂದ ಪೋಷಣೆ ಎಳೆದುಕೊಳ್ಳುತ್ತದೆ. ಹಾಗಾಗಿ "ಮಂಡಿ ಸವೆದಿದೆ, ಇನ್ನು ಓಡಾಡಬೇಡಿ" ಎನ್ನುವ ಮಾತು ತಿರುಗುಮುರುಗು. ಕೂತಷ್ಟೂ ಆ ಸ್ಪಂಜು ಹಸಿದುಕೊಂಡೇ ಇರುತ್ತದೆ.

ಮೃದ್ವಸ್ಥಿಗೆ ನರವೂ ಇಲ್ಲ. ಅಂದರೆ ಅದು ಸವೆದದ್ದೇ ನೋವಲ್ಲ. ನೋವು ಬರುವುದು ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯಿಂದ, ಸುತ್ತಲಿನ ಸ್ನಾಯು ಮತ್ತು ಕಟ್ಟುಗಳಿಂದ. ಎಕ್ಸ್‌ರೇಯಲ್ಲಿ ಗ್ಯಾಪ್ ಪೂರ್ತಿ ಹೋದವರು ಗದ್ದೆ ಕೆಲಸ ಮಾಡುವುದೂ ಉಂಟು, ಸ್ವಲ್ಪವೇ ಸವೆದವರು ರಾತ್ರಿಯೆಲ್ಲ ನರಳುವುದೂ ಉಂಟು. ತುಂಬಾ ದಿನ ನೋವಿದ್ದರೆ ನರಗಳೂ ಮೆದುಳೂ ಇನ್ನಷ್ಟು ಚುರುಕಾಗಿ, ಚಿಕ್ಕ ನೋವನ್ನೂ ದೊಡ್ಡದಾಗಿ ಕೇಳಿಸಿಕೊಳ್ಳತೊಡಗುತ್ತವೆ. ನಿದ್ದೆ ಕೆಟ್ಟರೆ, ಮನಸ್ಸು ಕುಗ್ಗಿದರೆ ಅದು ಮತ್ತೂ ಜೋರು. ಸವೆದ ಮಂಡಿ ಹಾಗೆಯೇ ಇದ್ದರೂ ನೋವು ಇಳಿಯಲು ಜಾಗ ಇರುವುದು ಇದರಿಂದಲೇ.

## ಸೂಜಿಯ ಕಥೆ

ಅಕ್ಯುಪಂಕ್ಚರ್ ಚೀನಾದ್ದು. ಎರಡು ಸಾವಿರ ವರ್ಷದಷ್ಟು ಹಳೆಯದು. ಮೈಯಲ್ಲಿ "ಚಿ" ಎಂಬ ಶಕ್ತಿ ಕೆಲವು ಕಾಲುವೆಗಳಲ್ಲಿ ಹರಿಯುತ್ತದೆ, ಅದು ಕಟ್ಟಿಕೊಂಡರೆ ನೋವು, ಸೂಜಿಯಿಂದ ಆ ಕಟ್ಟು ಬಿಡಿಸಬಹುದು ಎಂಬುದು ಅದರ ಮೂಲ ತತ್ವ. ನಮ್ಮ ಪ್ರಾಣ, ನಾಡಿ ಎಂಬ ಕಲ್ಪನೆಯ ದೂರದ ನೆಂಟ ಅನ್ನಬಹುದು. ಈ ಕಾಲುವೆಗಳ ಮೇಲೆ 361 ಬಿಂದುಗಳನ್ನು ಗುರುತಿಸಿದ್ದಾರೆ. ಶರೀರ ಕೊಯ್ದು ನೋಡಿದರೆ ಆ ಕಾಲುವೆಗಳು ಕಾಣಸಿಗುವುದಿಲ್ಲ.

ಹೊರಗಿನ ಜಗತ್ತಿಗೆ ಇದು ದೊಡ್ಡದಾಗಿ ಗೊತ್ತಾದದ್ದು 1971ರಲ್ಲಿ. ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಪರೇಷನ್ ನಡೆದದ್ದು ಮಾಮೂಲಿ ಮದ್ದಿನ ಇಂಜೆಕ್ಷನ್ ಕೊಟ್ಟೇ. ಆಮೇಲೆ ಹೊಟ್ಟೆ ಉಬ್ಬರಿಸಿ ಒದ್ದಾಡುತ್ತಿದ್ದಾಗ ಮೊಣಕೈಗೂ ಮಂಡಿಯ ಕೆಳಗೂ ಸೂಜಿ ಹಾಕಿದರು. ಅವರು ಬರೆದ ವರದಿ ಓದಿ ಅಮೆರಿಕದಲ್ಲಿ ಕುತೂಹಲ ಹುಟ್ಟಿತು. ಬಾಯಿಂದ ಬಾಯಿಗೆ ಹೋಗುತ್ತಾ ಅದು "ಸೂಜಿ ಹಾಕಿಯೇ ಆಪರೇಷನ್ ಮಾಡಿದರಂತೆ" ಎಂದಾಗಿಬಿಟ್ಟಿತು. ನಮ್ಮ ದೇಶಕ್ಕೆ ಇದು ಅದಕ್ಕೂ ಮೊದಲೇ ಬಂದಿತ್ತು. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿ ಡಾ. ಬಿ.ಕೆ. ಬಸು ಇದ್ದರು. 1950ರ ದಶಕದ ಕೊನೆಯಲ್ಲಿ ಅವರು ಮತ್ತೆ ಅಲ್ಲಿಗೆ ಹೋಗಿ ಈ ವಿದ್ಯೆ ಕಲಿತು, ಕೋಲ್ಕತ್ತಾದಲ್ಲಿ ಚಿಕಿತ್ಸೆ ಶುರು ಮಾಡಿದರು. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿತು.

ಈಗ ಸೂಜಿಯನ್ನೇ ಹತ್ತಿರದಿಂದ ನೋಡಿ. ರಕ್ತ ಪರೀಕ್ಷೆಗೆ ಚುಚ್ಚುವ ಸೂಜಿಯ ಹಾಗೆ ಇದು ಪೊಳ್ಳಲ್ಲ, ಗಟ್ಟಿ ತಂತಿ. ದಪ್ಪ ಕಾಲು ಮಿಲಿಮೀಟರಿನ ಆಸುಪಾಸು, ಎರಡು ಮೂರು ತಲೆಗೂದಲು ಒಟ್ಟು ಮಾಡಿದಷ್ಟು. ಮಂಡಿ ನೋವಿಗೆ ಹೆಚ್ಚಾಗಿ ಹಿಡಿಯುವ ಬಿಂದು ಒಂದು ಮಂಡಿಚಿಪ್ಪಿನ ಕೆಳಗೆ, ಹೊರಬದಿಯ ಗುಳಿಯಲ್ಲಿದೆ. ಇನ್ನೊಂದು ಅಲ್ಲಿಂದ ನಾಲ್ಕು ಬೆರಳಿನಷ್ಟು ಕೆಳಗೆ, ಕೆಳಗಾಲಿನ ಮುಂದಿನ ಮೂಳೆಯಿಂದ ಒಂದು ಬೆರಳು ಹೊರಗೆ. ಇದಕ್ಕೆ ಚೀನೀ ಭಾಷೆಯಲ್ಲಿ "ಝುಸಾನ್ಲಿ" ಎನ್ನುತ್ತಾರೆ. ಚುಚ್ಚಿದಾಗ ಇರುವೆ ಕಚ್ಚಿದಂತೆ ಒಂದು ಕ್ಷಣ. ಆಮೇಲೆ ಸೂಜಿಯನ್ನು ಮೆಲ್ಲಗೆ ತಿರುಗಿಸಿದಾಗ ಒಳಗೆ ಒಂಥರಾ ಭಾರ, ಜೋಮು, ಎಳೆತ. ಆ ಅನುಭವ ಬಂದರೇ ಬಿಂದು ಸರಿಯಾಗಿ ಸಿಕ್ಕಿದೆ ಎಂದು ಚಿಕಿತ್ಸಕರು ಲೆಕ್ಕ ಹಾಕುತ್ತಾರೆ. ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಮಲಗಿಸುತ್ತಾರೆ.

## ಚುಚ್ಚಿದರೆ ನೋವು ಯಾಕೆ ಇಳಿಯುತ್ತದೆ?

ಮೊಣಕೈ ಮೇಜಿಗೆ ತಾಗಿದರೆ ತಕ್ಷಣ ಏನು ಮಾಡುತ್ತೀರಿ? ತಿಕ್ಕಿಕೊಳ್ಳುತ್ತೀರಿ, ಅಲ್ವಾ? ತಿಕ್ಕಿದರೆ ನೋವು ಕಡಿಮೆ ಅನ್ನಿಸುತ್ತದೆ. ಇದರ ಕಾರಣವನ್ನು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ವಿವರಿಸಿದರು. ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದೆ ಎಂದುಕೊಳ್ಳಿ. ಸಂಜೆ ಹೊತ್ತಿನ ಸಿಟಿ ಬಸ್ಸಿನ ಬಾಗಿಲಿನ ಹಾಗೆ. ಮುಟ್ಟುವ, ಒತ್ತುವ ಸುದ್ದಿಗಳು ಮೊದಲು ನುಗ್ಗಿ ಬಾಗಿಲು ತುಂಬಿಕೊಂಡರೆ, ನೋವಿನ ಸುದ್ದಿ ಕೆಳಗೇ ನಿಲ್ಲಬೇಕಾಗುತ್ತದೆ. ಸೂಜಿಯಿಂದ ಹುಟ್ಟುವ ಸುದ್ದಿಯೂ ಹೀಗೆ ಬಾಗಿಲು ಕಟ್ಟುತ್ತದೆ ಎಂಬುದು ಒಂದು ವಿವರಣೆ.

ಇನ್ನೊಂದು, ಸೂಜಿ ಚುಚ್ಚಿದಾಗ ಮೆದುಳು ಎಂಡಾರ್ಫಿನ್ ಎಂಬ, ಮಾರ್ಫಿನ್ ಥರವೇ ಕೆಲಸ ಮಾಡುವ ತನ್ನದೇ ನೋವು ನಿವಾರಕವನ್ನು ಬಿಡುತ್ತದೆ. ಮಾರ್ಫಿನ್ ಕೆಲಸವನ್ನು ತಡೆಯುವ ನಲೋಕ್ಸೋನ್ ಎಂಬ ಮದ್ದು ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಸೂಜಿಯ ಆರಾಮವೂ ಕುಗ್ಗಿತು. ಹಾಗಾಗಿ ಈ ವಿವರಣೆಗೆ ತೂಕವಿದೆ. 2010ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಇಲಿಗಳ ಝುಸಾನ್ಲಿ ಬಿಂದುವಿಗೇ ಸೂಜಿ ಹಾಕಿ ತಿರುಗಿಸಿದರು. ಆ ಜಾಗದಲ್ಲಿ ಅಡೆನೊಸಿನ್ ಎಂಬ ನೋವು ತಗ್ಗಿಸುವ ವಸ್ತು ಏರಿತು. ಆದರೆ ಇಲಿಯಲ್ಲಿ ಕಂಡದ್ದು ದೊಡ್ಡಮ್ಮನ ಮಂಡಿಯಲ್ಲೂ ಅಷ್ಟೇ ಆಗುತ್ತದೆಂದು ಹೇಳಲಾಗದು.

## ಸುಳ್ಳು ಸೂಜಿಯ ಪರೀಕ್ಷೆ

ಚಿಕಿತ್ಸೆ ಪಡೆದು ಆರಾಮಾಯಿತು ಎಂದರೆ, ಆರಾಮ ಕೊಟ್ಟದ್ದು ಆ ಚಿಕಿತ್ಸೆಯೇನಾ? ಮಂಡಿ ನೋವು ತಾನಾಗಿಯೇ ಏರಿ ಇಳಿಯುವಂಥದ್ದು. ನಾವು ಚಿಕಿತ್ಸೆಗೆ ಓಡುವುದು ನೋವು ತುತ್ತತುದಿಯಲ್ಲಿದ್ದಾಗ. ಜೊತೆಗೆ, ಯಾರೋ ಅಕ್ಕರೆಯಿಂದ ಮಾತನಾಡಿಸಿ, ಅರ್ಧ ಗಂಟೆ ಮಲಗಿಸಿ, ಮುಟ್ಟಿ ನೋಡಿದರೆ ಅದರಿಂದಲೇ ಅರ್ಧ ಹಗುರಾಗುತ್ತದೆ. ಈ ನಂಬಿಕೆಯ ಆರಾಮಕ್ಕೆ ಪ್ಲಸೀಬೋ ಎನ್ನುತ್ತಾರೆ. ಅದು ಸುಳ್ಳು ನೋವೂ ಅಲ್ಲ, ಸುಳ್ಳು ಆರಾಮವೂ ಅಲ್ಲ. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನ ಮಂಡಿ ನೋವಿನವರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಕೆಲವರಿಗೆ ದುರ್ಬೀನಿನ ಆಪರೇಷನ್ ಮಾಡಿದರು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿದರು. ಎರಡೂ ಗುಂಪಿಗೆ ಒಂದೇ ಥರ ಆರಾಮ!

ಅದಕ್ಕೇ ಅಕ್ಯುಪಂಕ್ಚರನ್ನೂ ಸುಳ್ಳು ಸೂಜಿಯ ಪಕ್ಕ ಇಟ್ಟು ನೋಡಿದರು. ನಾಟಕದ ಕತ್ತಿ ನೆನಪಿದೆಯಾ? ಎದೆಗೆ ಒತ್ತಿದರೆ ಅಲಗು ಹಿಡಿಯೊಳಗೆ ಸರಿಯುತ್ತದೆ. ಸುಳ್ಳು ಸೂಜಿಯೂ ಹಾಗೆ. ಇನ್ನು ಕೆಲವು ಕಡೆ ನಿಜ ಸೂಜಿಯನ್ನೇ ಬಿಂದು ಅಲ್ಲದ ಜಾಗದಲ್ಲಿ, ಮೇಲೆಮೇಲೆ ಚುಚ್ಚಿದರು.

ಜರ್ಮನಿಯಲ್ಲಿ ಸುಮಾರು ಒಂದು ಸಾವಿರ ಮಂಡಿ ನೋವಿನವರ ಮೇಲೆ ಇಂಥ ಪರೀಕ್ಷೆ ನಡೆದು 2006ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಸರಿ ಬಿಂದುವಿನ ಸೂಜಿ ಪಡೆದವರಲ್ಲಿ ಶೇ. 53 ಜನರಿಗೆ ಗುಣ ಕಂಡಿತ್ತು. ತಪ್ಪು ಜಾಗದ ಸೂಜಿ ಪಡೆದವರಲ್ಲಿ ಶೇ. 51. ಬರೀ ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 29. ಈ ಮೂರು ಅಂಕಿಯನ್ನು ಒಟ್ಟಿಗೆ ಓದಬೇಕು. ಸೂಜಿ ಹಾಕಿಸಿಕೊಂಡವರಿಗೆ ಲಾಭ ಆಯಿತು, ಆದರೆ ಎಲ್ಲಿ ಹಾಕಿದರು ಎಂಬುದು ಅಷ್ಟೇನೂ ಮುಖ್ಯವಾಗಲಿಲ್ಲ. ಸರ್ಕಾರಿ ವಿಮೆಯಲ್ಲಿ ಮಂಡಿ ನೋವಿನ ಅಕ್ಯುಪಂಕ್ಚರಿಗೆ ದುಡ್ಡು ಕೊಡಲು ಜರ್ಮನಿ 2007ರಲ್ಲಿ ಶುರು ಮಾಡಿತು.

2014ರಲ್ಲಿ ಆಸ್ಟ್ರೇಲಿಯಾದಲ್ಲಿ 282 ಜನರ ಪರೀಕ್ಷೆ ಬಂತು. ಹನ್ನೆರಡು ವಾರದ ನಂತರ ಸುಳ್ಳು ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. 2018ರಲ್ಲಿ ಹಳೆಯ 39 ಪರೀಕ್ಷೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟುಗೂಡಿಸಿದರು. ಅದರಲ್ಲಿ ಬೆನ್ನು, ಕುತ್ತಿಗೆ, ತಲೆನೋವಿನವರೂ ಇದ್ದರು. ನಿಜ ಸೂಜಿ ಸುಳ್ಳು ಸೂಜಿಗಿಂತ ಮೇಲು, ಆದರೆ ಅಂತರ ಚಿಕ್ಕದು ಎಂದು ತಿಳಿಯಿತು. ಬಂದ ಆರಾಮದ ಬಹುಪಾಲು ವರ್ಷವಾದರೂ ಉಳಿದಿತ್ತು.

ಇದೇ ಲೆಕ್ಕಗಳನ್ನು ಓದಿದ ದೊಡ್ಡ ಸಂಸ್ಥೆಗಳು ಎರಡು ದಾರಿ ಹಿಡಿದವು. ಅಮೆರಿಕದ ಕೀಲು ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ "ಬೇಕಾದವರು ಪ್ರಯತ್ನಿಸಬಹುದು" ಎಂಬಂಥ ಮಾತು ಹೇಳಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ಹೊರಡಿಸುವ ನೈಸ್ ಸಂಸ್ಥೆ 2022ರಲ್ಲಿ "ಸವಕಲಿನ ನೋವಿಗೆ ಕೊಡಬೇಡಿ" ಎಂದಿತು. ಒಬ್ಬರು ತೂಗಿದ್ದು "ಜನರಿಗೆ ಆರಾಮ ಆಯಿತಾ, ಅಪಾಯ ಇದೆಯಾ" ಎಂದು. ಇನ್ನೊಬ್ಬರು ತೂಗಿದ್ದು "ಸುಳ್ಳು ಸೂಜಿಗಿಂತ ಎಷ್ಟು ಹೆಚ್ಚು, ಸರ್ಕಾರದ ದುಡ್ಡಿಗೆ ತಕ್ಕದ್ದಾ" ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ.

## ಹಾಕಿಸಿಕೊಳ್ಳುವುದಾದರೆ

ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲ, ಆರರಿಂದ ಎಂಟು ವಾರ ಕೊಟ್ಟಿದ್ದಾರೆ. ಆರು ಸಲ ಆದ ಮೇಲೂ ಏನೂ ಫರಕು ಕಾಣದಿದ್ದರೆ ಮುಂದುವರಿಸಲು ಕಾರಣ ಕಡಿಮೆ. "ನಲವತ್ತು ಸಿಟ್ಟಿಂಗ್ ಪ್ಯಾಕೇಜ್, ಮೊದಲೇ ದುಡ್ಡು ಕಟ್ಟಿ" ಎಂದರೆ ನಾನಂತೂ ಎದ್ದು ಬರುತ್ತೇನೆ.

ಯಾರ ಹತ್ತಿರ ಹೋಗುವುದು? ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿ ಐದೂವರೆ ವರ್ಷದ್ದು. ಅದರ ಪಾಠದಲ್ಲಿ ಅಕ್ಯುಪಂಕ್ಚರ್ ಇದೆ. ಉಜಿರೆಯ ಎಸ್‌ಡಿಎಂ ಕಾಲೇಜು 1989ರಿಂದ ಇದನ್ನು ಕಲಿಸುತ್ತಿದೆ. ಕೆಲವು ದಿನದ ಕೋರ್ಸ್ ಮುಗಿಸಿ ಬೋರ್ಡು ಹಾಕಿದವರೂ ಇದ್ದಾರೆ. ಪದವಿ ಏನು, ನೋಂದಣಿ ಸಂಖ್ಯೆ ಏನು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ ಸೂಜಿಯನ್ನು ಡಬ್ಬಿಗೆ ಹಾಕಿ ಎಸೆಯಬೇಕು. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ ಹರಡಬಹುದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಬದಲಿ ಮಂಡಿ ಹಾಕಿಸಿಕೊಂಡವರು ಆ ಕೀಲಿಗೆ ಸೂಜಿ ಹಾಕಿಸಬಾರದು. ಸಣ್ಣ ನೀಲಿ ಕಲೆ, ತಲೆ ಸುತ್ತು ಆಗಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ.

ಮಂಡಿ ಏಕಾಏಕಿ ಊದಿ, ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಅದು ಕೀಲಿನೊಳಗಿನ ಸೋಂಕಿರಬಹುದು. ಆಗ ಸೂಜಿಯೂ ಬೇಡ, ಎಣ್ಣೆಯೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

## ಎಣ್ಣೆ, ಶಾಖ, ಉದ್ದಿನ ಹಿಟ್ಟಿನ ಕಟ್ಟೆ

ಜಾನುಬಸ್ತಿ ನೋಡುವುದಕ್ಕೇ ಚೆಂದ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ನಾದಿ, ಹೊಸೆದು, ಮಂಡಿಯ ಸುತ್ತ ಬಳೆಯಂತೆ ಕಟ್ಟೆ ಕಟ್ಟುತ್ತಾರೆ. ಸೋರದಂತೆ ಅಂಚನ್ನು ಒದ್ದೆ ಬೆರಳಿನಿಂದ ಒತ್ತುತ್ತಾರೆ. ಒಳಗೆ ಉಗುರು ಬೆಚ್ಚಗಿನ ತೈಲ ಸುರಿಯುತ್ತಾರೆ. ಆರಿದಂತೆ ಹತ್ತಿಯಲ್ಲಿ ಅದ್ದಿ ತೆಗೆದು, ಮತ್ತೆ ಬಿಸಿ ತೈಲ ತುಂಬುತ್ತಾರೆ. ಅರ್ಧ ಗಂಟೆ ಹೀಗೆ.

ತೈಲ ಮೃದ್ವಸ್ಥಿಗೆ ಇಳಿದು ಸವೆತ ತುಂಬುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಆದರೆ ಬಿಸಿ ಸುಮ್ನೆ ಅಲ್ಲ. ಅದು ಬಿಗಿದ ಸ್ನಾಯು ಸಡಿಲಿಸುತ್ತದೆ, ರಕ್ತ ಓಡಾಟ ಹೆಚ್ಚಿಸುತ್ತದೆ, ನೋವಿನ ಬಾಗಿಲಿಗೂ ಅಡ್ಡ ನಿಲ್ಲುತ್ತದೆ. ಮನೆಯ ಉಪ್ಪಿನ ಗಂಟಿನ ಶಾಖ, ಬಿಸಿನೀರಿನ ಚೀಲ ಮಾಡುವುದೂ ಇದನ್ನೇ. ಎಕ್ಕದ ಎಲೆಗೆ ಎಣ್ಣೆ ಸವರಿ, ಬಾಡಿಸಿ ಕಟ್ಟುವುದು ನಮ್ಮಲ್ಲಿ ಹಳೆಯ ರೂಢಿ. ಅದರ ಹಾಲು ಕಣ್ಣಿಗೆ ಸಿಡಿದರೆ ಕಣ್ಣಿಗೆ ಪೆಟ್ಟಾಗುತ್ತದೆ, ಚರ್ಮದಲ್ಲಿ ಗುಳ್ಳೆಯೂ ಏಳಬಹುದು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಎಷ್ಟಿದೆ ಎಂದೇ ತಿಳಿಯುವುದಿಲ್ಲ. ಅವರಿಗೆ ಬೇರೆಯವರು ಮೊದಲು ತಮ್ಮ ಕೈಯಿಂದ ಮುಟ್ಟಿ ನೋಡಿ ಶಾಖ ಕೊಡಬೇಕು.

## ಅರಿಶಿನ, ಶಲ್ಲಕಿ ಮತ್ತು ಗ್ಲುಕೋಸಮೈನ್

ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿ ವಸ್ತು ಇದೆ. ಅದು ಉರಿಯೂತ ತಗ್ಗಿಸುತ್ತದೆ. ಆದರೆ ಪುಡಿಯಲ್ಲಿ ಅದರ ಪಾಲು ಶೇ. 3ರ ಆಸುಪಾಸು. ಒಂದು ಚಮಚ ಅರಿಶಿನದಲ್ಲಿ ನೂರು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಮಂಡಿ ನೋವಿನ ಪರೀಕ್ಷೆಗಳಲ್ಲಿ ಕೊಟ್ಟದ್ದು ದಿನಕ್ಕೆ ಸಾವಿರ ಮಿಲಿಗ್ರಾಂ ಸುಮಾರು. ಅದೂ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. ಕಾಳುಮೆಣಸಿನ ಪೈಪರಿನ್ ಜೊತೆಗೆ ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಹಲವು ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. ನಮ್ಮ ಸಾರಿನಲ್ಲಿ ಎರಡೂ ಇದೆ ಎಂಬುದು ಖುಷಿಯ ವಿಷಯವೇ. ಆದರೆ ಸಾರಿನ ಅರಿಶಿನ ಔಷಧಿಯ ಪ್ರಮಾಣಕ್ಕೆ ಮುಟ್ಟುವುದಿಲ್ಲ.

ಹಾಗಾದರೆ ಗಟ್ಟಿ ಕ್ಯಾಪ್ಸೂಲ್ ತಗೊಳ್ಳಬಹುದಾ? ಕೆಲವು ಪರೀಕ್ಷೆಗಳಲ್ಲಿ ನೋವು ಇಳಿದಿದೆ, ಹೌದು. ಆದರೆ ಪೈಪರಿನ್ ಬೆರೆಸಿದ ಗಟ್ಟಿ ಕ್ಯಾಪ್ಸೂಲುಗಳಿಂದ ಕೆಲವರ ಯಕೃತ್ತಿಗೆ ಹಾನಿ ಆದ ವರದಿಗಳು ಅಮೆರಿಕ, ಆಸ್ಟ್ರೇಲಿಯಾದಿಂದ ಬಂದಿವೆ. ಅಡುಗೆಯ ಅರಿಶಿನಕ್ಕೆ ಈ ಭಯ ಇಲ್ಲ. ಪಿತ್ತಕೋಶದಲ್ಲಿ ಕಲ್ಲಿರುವವರು, ರಕ್ತ ತೆಳು ಮಾಡುವ ಮಾತ್ರೆಯವರು ಡಾಕ್ಟರಿಗೆ ಹೇಳದೆ ಈ ಕ್ಯಾಪ್ಸೂಲ್ ನುಂಗಬಾರದು.

ಶಲ್ಲಕಿ ಒಂದು ಮರದ ಅಂಟು. ಧೂಪಕ್ಕೂ ಬಳಸುತ್ತಾರೆ. 2003ರಲ್ಲಿ ನಾಗಪುರದಲ್ಲಿ 30 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಮಂಡಿ ನೋವು, ಊತ ಇಳಿಯಿತು. ಪರೀಕ್ಷೆ ಚಿಕ್ಕದು, ಆದರೂ ಆಮೇಲೆ ಬಂದ ಕೆಲವು ಪರೀಕ್ಷೆಗಳೂ ಅದೇ ದಿಕ್ಕು ತೋರಿಸಿವೆ. ಶುಂಠಿ, ಅಮೃತಬಳ್ಳಿ, ನೆಲ್ಲಿಕಾಯಿ, ಗುಗ್ಗುಳದ ಮಿಶ್ರಣಗಳನ್ನು 440 ಜನರ ಮೇಲೆ 24 ವಾರ ಪರೀಕ್ಷಿಸಿದ ಭಾರತದ ಅಧ್ಯಯನ 2013ರಲ್ಲಿ ಬಂತು. ನೋವು ನಿವಾರಕ ಸೆಲೆಕಾಕ್ಸಿಬ್‌ಗೆ ಸರಿಸಮ ಎಂದು ಅದು ಹೇಳಿತು. ಕೆಲವರ ಯಕೃತ್ತಿನ ಪರೀಕ್ಷೆಯ ಅಂಕಿ ಏರಿದ್ದನ್ನೂ ಮುಚ್ಚಿಡಲಿಲ್ಲ. ಗಿಡಮೂಲಿಕೆಗೆ ಕೆಲಸ ಮಾಡುವ ಶಕ್ತಿ ಇದ್ದರೆ ಅಡ್ಡ ಪರಿಣಾಮದ ಶಕ್ತಿಯೂ ಇರುತ್ತದೆ.

ಗ್ಲುಕೋಸಮೈನ್ ಮಾತ್ರೆಯನ್ನು ಮೆಡಿಕಲ್ ಶಾಪಿನವರೇ "ಮೂಳೆ ಬೆಳೆಯುತ್ತೆ" ಎಂದು ಕೊಡುವುದುಂಟು. ಅಮೆರಿಕದ ಸಂಘವೂ ಬ್ರಿಟನ್ನಿನ ಸಂಸ್ಥೆಯೂ ಬೇಡ ಎಂದಿವೆ.

## ಹೆಸರಿಲ್ಲದ ಪುಡಿ

ನಮ್ಮ ಬೀದಿಯ ಅಜ್ಜಿಯೊಬ್ಬರು ಒಂದು ಊರಿಗೆ ಹೋಗಿ ವಾತದ ಪುಡಿ ತಂದಿದ್ದರು. ಪೇಪರ್ ಪೊಟ್ಟಣ, ಮೇಲೆ ಏನೂ ಬರೆದಿಲ್ಲ. ಮೂರೇ ದಿನಕ್ಕೆ ನೋವು ಮಾಯ. ನೆಲದ ಮೇಲೆ ಕೂತು ಹೂ ಕಟ್ಟಿದರು! ನಾಲ್ಕು ತಿಂಗಳಲ್ಲಿ ಮುಖ ದುಂಡಗೆ ಊದಿತು, ಸಕ್ಕರೆ ಏರಿತು, ತೋಳಿನ ಚರ್ಮ ತಾಗಿದರೆ ನೀಲಿಗಟ್ಟುತ್ತಿತ್ತು. ಡಾಕ್ಟರು ನೋಡಿದ ಕೂಡಲೇ ಕೇಳಿದ್ದು, "ಅಜ್ಜಿ, ಏನು ಪುಡಿ ತಗೊಳ್ತಿದ್ದೀರಿ?"

ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಮಾತ್ರೆ ಅರೆದು ಬೆರೆಸಿದ್ದು ಮತ್ತೆ ಮತ್ತೆ ಸಿಕ್ಕಿದೆ. ಸ್ಟಿರಾಯ್ಡ್ ಕೆಟ್ಟ ಔಷಧಿಯಲ್ಲ, ಲೆಕ್ಕ ಹಾಕಿ ಕೊಟ್ಟರೆ ಜೀವ ಉಳಿಸುತ್ತದೆ. ಗೊತ್ತಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗುವುದು ನಿಂತು ಅದೇ ಕುಸಿಯಬಹುದು. ಇನ್ನೊಂದು ಅಪಾಯ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಬಹಳ ದಿನ ತಗೊಂಡ ಇಂಥ ಪುಡಿಯನ್ನು ಹೆದರಿ ಒಮ್ಮೆಲೇ ನಿಲ್ಲಿಸಬಾರದು. ಹೊರಗಿಂದ ಸ್ಟಿರಾಯ್ಡ್ ಬರುತ್ತಿದ್ದರೆ ಮೈ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಬಿದ್ದು ಪ್ರಾಣಕ್ಕೇ ಕುತ್ತು. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಅವರು ಮೆಲ್ಲಗೆ ಇಳಿಸುತ್ತಾರೆ.

ಕಾನೂನಿನಂತೆ ತಯಾರಾದ ಆಯುರ್ವೇದ ಔಷಧಿಯ ಮೇಲೆ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಒಳಗೇನಿದೆ ಎಂಬ ಪಟ್ಟಿ ಇರುತ್ತದೆ. ಅದಿಲ್ಲದ್ದನ್ನು ಮನೆಯೊಳಗೇ ತರಬೇಡಿ.

## ಆರಾಮ ಸಿಕ್ಕ ಹೊತ್ತಿನಲ್ಲಿ

ಮಂಡಿಯ ಭಾರ ಹೊರುವುದು ಬರೀ ಮೂಳೆಯಲ್ಲ, ತೊಡೆಯ ಮುಂದಿನ ಸ್ನಾಯುವೂ ಹೊರುತ್ತದೆ. ನೋವೆಂದು ಕೂತರೆ ಆ ಸ್ನಾಯು ಸೊರಗುತ್ತದೆ. ಸೊರಗಿದರೆ ಭಾರವೆಲ್ಲ ಮೂಳೆಯ ಮೇಲೆ, ನೋವು ಇನ್ನೂ ಜಾಸ್ತಿ, ಇನ್ನೂ ಕೂರುವುದು. ದೊಡ್ಡಮ್ಮ ಸಿಕ್ಕಿಕೊಂಡಿರುವುದು ಈ ಗಾಣದಲ್ಲೇ. ಸೂಜಿಯೋ ಶಾಖವೋ ನೋವನ್ನು ಕೆಲವು ಗಂಟೆ, ಕೆಲವು ದಿನ ಇಳಿಸಿದರೆ, ಆ ಹೊತ್ತಿನಲ್ಲಿ ಕಾಲಿಗೆ ಬಲ ತುಂಬಬಹುದು. ನನ್ನ ಲೆಕ್ಕದಲ್ಲಿ ಈ ಚಿಕಿತ್ಸೆಗಳ ನಿಜವಾದ ಬೆಲೆ ಇಲ್ಲಿದೆ.

ವ್ಯಾಯಾಮ ಮತ್ತು ತೂಕ ಇಳಿಸುವುದರ ಬಗ್ಗೆ ಮಾತ್ರ ಅಮೆರಿಕ, ಬ್ರಿಟನ್ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯ ಇಲ್ಲ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಚೀನಾದ ತಾಯ್ ಚಿ ನಿಧಾನ ನಡೆಯ ವ್ಯಾಯಾಮ. 2016ರಲ್ಲಿ 204 ಜನರ ಪರೀಕ್ಷೆಯಲ್ಲಿ ಅದು ಫಿಸಿಯೋಥೆರಪಿಗೆ ಸಮನಾಗಿ ನಿಂತಿತು. ಬೆಂಗಳೂರಿನಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಮಂಡಿ ಸವೆದ 250 ಜನರಲ್ಲಿ ಅರ್ಧ ಜನರಿಗೆ ಯೋಗ ಕಲಿಸಿ, ಮಾಮೂಲಿ ವ್ಯಾಯಾಮ ಮಾಡಿದ ಉಳಿದವರ ಜೊತೆ ಹೋಲಿಸಿ 2012ರಲ್ಲಿ ಪ್ರಕಟಿಸಿದರು. ಯೋಗದವರ ನೋವು, ನಡೆದಾಟ ಹೆಚ್ಚು ಸುಧಾರಿಸಿತು. ಆದರೆ ಪದ್ಮಾಸನ, ವಜ್ರಾಸನ ಹಠ ಹಿಡಿದು ಮಾಡುವುದಲ್ಲ ಇದು. ಕುರ್ಚಿ, ಗೋಡೆಯ ಆಸರೆ ತಗೊಂಡು ಮಾಡುವಂಥದ್ದು.

ಮನೆಯಲ್ಲೇ ಶುರು ಮಾಡಲು ಒಂದು: ಹಾಸಿಗೆ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಅದನ್ನು ಮಂಡಿಯಿಂದ ಕೆಳಗೆ ಒತ್ತಿ, ಐದು ಎಣಿಸಿ, ಬಿಡಿ. ಹತ್ತು ಸಲ. ಇನ್ನೊಂದು, ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನಕ್ಕೆ ಕೂರುವುದು. ಮೊದಮೊದಲು ಸ್ವಲ್ಪ ನೋವು ಸಹಜ. ಮರುದಿನಕ್ಕೆ ಹಳೆಯ ಮಟ್ಟಕ್ಕೆ ಇಳಿದರೆ ಸರಿಯಾಗಿದೆ ಎಂದರ್ಥ. ಊದಿಕೊಂಡರೆ ಅರ್ಧಕ್ಕೆ ಇಳಿಸಿ.

ದೊಡ್ಡಮ್ಮ ಕೊನೆಗೆ ಎಂಟು ಸಲದ ಸೂಜಿ ಹಾಕಿಸಿಕೊಳ್ಳಲು ಒಪ್ಪಿದರು. ಐದು ಆಗಿದೆ. ಹಾಕಿಸಿಕೊಂಡ ದಿನ ಸಂಜೆ ಹಗುರ ಅನ್ನಿಸುತ್ತದಂತೆ. ಆ ಸಂಜೆಗಳಲ್ಲಿ ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು, ಕೈ ಕಟ್ಟಿಕೊಂಡು ಎದ್ದು ಕೂರುತ್ತಾರೆ. ಮೊದಲ ವಾರ ನಾಲ್ಕು ಸಲ ಆಗಿತ್ತು. ನಿನ್ನೆ ಫೋನ್ ಮಾಡಿ "ಹನ್ನೊಂದು ಆಯ್ತು ಕಣೋ" ಅಂದರು.